ಮೀನೆಣ್ಣೆ ಮನೆಯವಳು

ನನ್ನ ಎದೆಹಾಲು ಒಳ್ಳೆಯದೋ ಕೆಟ್ಟದ್ದೋ ಅಂತ ತೀರ್ಮಾನ ಮಾಡುವ ಕೆಲಸವನ್ನು ಒಂದು ಕಟ್ಟಿರುವೆಗೆ ಒಪ್ಪಿಸಿದ್ದರು. ತಮಾಷೆಗೆ ಹೇಳುತ್ತಿಲ್ಲ. ಕೊಳ್ಳೇಗಾಲದ ನಮ್ಮ ಮಗ್ಗದ ಬೀದಿಯಲ್ಲಿ ಕೂಸು ಸೊರಗಿತು ಅಂದರೆ ಮೊದಲು ತಾಯಿಯ ಹಾಲನ್ನೇ ಅನುಮಾನಿಸುತ್ತಿದ್ದರು. ಮುತ್ತುಗದ ಎಲೆಯ ಮೇಲೆ ನಾಲ್ಕು ತೊಟ್ಟು ಹಿಂಡಿಸಿ, ಅದರೊಳಕ್ಕೆ ಇರುವೆ ಬಿಡುವುದು. ಇರುವೆ ಎದ್ದು ಆಚೆ ನಡೆದರೆ ಹಾಲು ಚೆನ್ನ, ಸತ್ತರೆ ಹಾಲಲ್ಲಿ ವಿಷ. ನನ್ನ ಇರುವೆ ಸತ್ತಿತು. ಹಾಲಿನಲ್ಲಿ ಮುಳುಗಿದ ಇರುವೆ ಸಾಯದೆ ಇನ್ನೇನು ಕೋಲಾಟ ಆಡುತ್ತದೆಯೇ ಅಂತ ಈಗ ಕೇಳುತ್ತೇನೆ. ಆವತ್ತು ಕೇಳುವ ಬಾಯಿ ಇರಲಿಲ್ಲ. ಪಕ್ಕದ ಮನೆಯ ಹೆಂಗಸರು ಎಲೆಯನ್ನು ಕೈಯಿಂದ ಕೈಗೆ ದಾಟಿಸಿ ನೋಡುತ್ತಿದ್ದರೆ ನಾನು ಸೆರಗಿನೊಳಗೆ ಮುಖ ಹುದುಗಿಸಿಕೊಂಡು ಕೂತಿದ್ದೆ.

“ಇನ್ಮೇಲೆ ಮೊಗೀಗೆ ನಿನ್ ಆಲು ಬ್ಯಾಡ ಕಣಮ್ಮಿ. ಮೇಕೆ ಆಲು ಕುಡ್ಸವ” ಅಂದರು ನಮ್ಮತ್ತೆ.

ಅವರು ಸಿಟ್ಟಿನಿಂದ ಹೇಳಿದ್ದಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು. ಬೈದಿದ್ದರೆ ನಾನೂ ಮನಸ್ಸಿನಲ್ಲೇ ಬೈದುಕೊಂಡು ಹಗುರಾಗುತ್ತಿದ್ದೆ. ಮೇಕೆ ಹಾಲನ್ನು ಕೂಸು ಕಕ್ಕಿತು. ಅತ್ತೆ ಕೊಳಕ್ಕೆ ಹೋದ ಹೊತ್ತು ನೋಡಿ ನಾನು ಕಳ್ಳಿಯ ಹಾಗೆ ಬಾಗಿಲ ಸಂದಿಯಲ್ಲಿ ಕೂತು ನನ್ನ ಮಗಳಿಗೇ ನನ್ನ ಹಾಲು ಕುಡಿಸುತ್ತಿದ್ದೆ.

ಕೂಸಿಗೆ ಆಗ ಹತ್ತು ತಿಂಗಳು. ನನ್ನ ಚೊಚ್ಚಲು. ಆ ವಯಸ್ಸಿಗೆ ಬೇರೆ ಮಕ್ಕಳು ಹೊಸ್ತಿಲು ದಾಟಿ ಹಬ್ಬ ಮಾಡಿಸಿಕೊಳ್ಳುತ್ತವೆ. ಇವಳಿಗೆ ಕೂರಲೂ ಬರುತ್ತಿರಲಿಲ್ಲ. ಕೂರಿಸಿದರೆ ಬೆನ್ನು ಬಾಗಿ ಹಾಗೇ ಮುಂದಕ್ಕೆ ಮುದುರಿಕೊಳ್ಳುತ್ತಿದ್ದಳು. ನಿದ್ದೆಯಲ್ಲಿ ತಲೆ ಬೆವರಿ ದಿಂಬಿನ ಬಟ್ಟೆ ಒದ್ದೆ. ನಾಲ್ಕು ಗುಟುಕು ಕುಡಿಯುವಷ್ಟರಲ್ಲಿ ಏದುಸಿರು, ತುಟಿಯ ಸುತ್ತ ನೀಲಿ. ಎತ್ತಿಕೊಂಡರೆ ಅವಳ ಎದೆಬಡಿತ ನನ್ನ ಎದೆಗೆ ತಾಗುತ್ತಿತ್ತು, ಕೈಯಲ್ಲಿ ಗುಬ್ಬಿ ಹಿಡಿದ ಹಾಗೆ. ಮಲಗಿಸಿದರೆ ಉಸಿರು ಕಟ್ಟುತ್ತಿತ್ತಾದ್ದರಿಂದ ಅವಳನ್ನು ಹೆಗಲ ಮೇಲೆ ಹಾಕಿಕೊಂಡೇ ಗೋಡೆಗೆ ಒರಗಿ ನಾನು ತೂಕಡಿಸುತ್ತಿದ್ದೆ. ಪಾದ ಊದಲು ಶುರುವಾದ ಮೇಲೆ ಬೀದಿಯವರು ಬಾಯಿ ಬಿಟ್ಟು ಹೇಳದಿದ್ದರೂ ಎಲ್ಲರ ಮುಖದಲ್ಲೂ ಒಂದೇ ಮಾತಿತ್ತು. ಇದು ಉಳಿಯುವ ಕೂಸಲ್ಲ.

ನಾನು ಯಳಂದೂರಿನವಳು. ಆಗಿನ್ನೂ ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, ಯಳಂದೂರು ಮೈಸೂರು ಮಹಾರಾಜರ ಸೀಮೆ. ಗಾಡಿ ಕಟ್ಟಿದರೆ ಒಂದು ಹೊತ್ತಿನ ದಾರಿ, ಆದರೂ ನಮ್ಮಪ್ಪ “ಮಗಳ್ನ ಪರರಾಜ್ಯಕ್ಕೆ ಕೊಟ್ಬುಟ್ಟೆ” ಅಂತ ಹೇಳಿಕೊಂಡು ನಗುತ್ತಿದ್ದರು. ತವರಿನವರು ಮಗ್ಗ ಬಿಟ್ಟು ಬೇಸಾಯ ಹಿಡಿದಿದ್ದರು. ಗದ್ದೆ ಬದುವಿನ ಮೇಲೆ ಗಿಳಿ ಓಡಿಸಿಕೊಂಡು ಬೆಳೆದ ನಾನು ಸೀದ ರೊಟ್ಟಿಯ ಬಣ್ಣಕ್ಕಿದ್ದೆ. ಮದುವೆಯಾಗಿ ಮೂರು ವರ್ಷಕ್ಕೆ ಹಬ್ಬಕ್ಕೆಂದು ಹೋದಾಗ ನಮ್ಮವ್ವ ನನ್ನ ಗಲ್ಲ ಹಿಡಿದು, “ಅಯ್ಯೋ, ಅತ್ತೆ ಮನೆ ಅನ್ನ ಮೈಗತ್ತದೆ. ಎಷ್ಟು ಬೆಳ್ಳಗಾಗಿದ್ದೀಯವ್ವ!” ಅಂತ ಹಿಗ್ಗಿದಳು. ನಾನೂ ಹಿಗ್ಗಿದೆ. ಬೆಳ್ಳಗಾದದ್ದು ಅನ್ನದಿಂದಲ್ಲ, ಬಿಸಿಲು ಕಾಣದ್ದರಿಂದ ಅಂತ ಯೋಚಿಸುವ ಬುದ್ಧಿ ಯಾರಿಗಿತ್ತು?

ನಮ್ಮತ್ತೆ ವಿಧವೆ. ಮಾವ ಹೋದ ಮೇಲೆ ಮಗನನ್ನು ಮಗ್ಗಕ್ಕೆ ಕೂರಿಸಿ ಮನೆ ನಿಲ್ಲಿಸಿದವರು. ಮನೆಯ ರೇಷ್ಮೆಗೆ ಬಣ್ಣ ಹಾಕುವುದು ಅವರ ಕೈ. ಆ ಕೈಗೆ ಊರಲ್ಲಿ ಹೆಸರಿತ್ತು. ಅವರು ಅದ್ದಿದ ಕೆಂಪು ಮಗಳ ಮದುವೆಗೂ ಬರುತ್ತದೆ, ಮೊಮ್ಮಗಳ ಮದುವೆಗೂ ಬರುತ್ತದೆ ಅನ್ನುತ್ತಿದ್ದರು ಜನ. ಬಣ್ಣ ಹಾಕಿದ ನೂಲನ್ನು ಅವರು ಎಂದೂ ಬಿಸಿಲಿಗೆ ಹಾಕಿದವರಲ್ಲ. ನೆರಳಲ್ಲೇ ಆರಬೇಕು. ಮಗ್ಗದ ಕೋಣೆಯ ಕಿಟಕಿಗೆ ಗೋಣಿ ಹೊಡೆದಿತ್ತು. ತಪ್ಪಿ ಒಂದು ಎಳೆ ಬಿಸಿಲು ಒಳಗೆ ಬಂದರೆ, “ಮುಚ್ಚಮ್ಮಿ, ಮುಚ್ಚು! ಬಿಸ್ಲು ಬಣ್ಣ ತಿಂತದೆ” ಅಂತ ಎದ್ದು ಓಡುತ್ತಿದ್ದರು. ಆ ಅರೆಗತ್ತಲೆಯಲ್ಲೇ ನಮ್ಮವರು ನೇಯುತ್ತಿದ್ದರು, ನಾನು ಲಾಳಿಗೆ ನೂಲು ಸುತ್ತುತ್ತಿದ್ದೆ, ಪಕ್ಕದಲ್ಲಿ ತೊಟ್ಟಿಲು ತೂಗುತ್ತಿತ್ತು. ಕೂಸನ್ನು ಆಚೆಗೆ ತಂದರೆ ದೃಷ್ಟಿ, ಗಾಳಿ, ಅದಕ್ಕೂ ಮಿಗಿಲಾಗಿ ಕಪ್ಪಾಗುವ ಭಯ. ಹೆಣ್ಣು ಕೂಸು ಬೇರೆ. ಅವಳು ಬೆಣ್ಣೆಯಂತಿದ್ದಳು. ನೋಡಿದವರೆಲ್ಲ ಹೊಗಳುತ್ತಿದ್ದರು, ನಾವು ಲಟಿಕೆ ಮುರಿಯುತ್ತಿದ್ದೆವು.

ಹಾಲಿನ ಪರೀಕ್ಷೆ ಆದ ಮೇಲೆ ನಮ್ಮವರು ಹನೂರಿಗೆ ಹೋಗೋಣ ಅಂದರು. ಹನೂರು ಅಂದರೆ ಅವರಿಗೆ ಪ್ರಾಣ. ಅವರಿಗಿಂತ ಮೊದಲು ಹುಟ್ಟಿದ ಮಕ್ಕಳು ಯಾವುದೂ ದಕ್ಕಲಿಲ್ಲವಂತೆ. ಅದಕ್ಕೇ ಇವರು ಹುಟ್ಟಿದ ಕೂಡಲೆ ನಮ್ಮತ್ತೆ ಹನೂರಿನಲ್ಲಿದ್ದ ತಮ್ಮ ಅಕ್ಕನಿಗೆ ಒಂದು ಮೊರ ತೌಡಿಗೆ ಮಾರಿಬಿಟ್ಟರು. ಮಾರಿದ ಕೂಸು ನಮ್ಮದಲ್ಲ, ಆದ್ದರಿಂದ ವಿಧಿ ನಮ್ಮ ಮನೆ ಬಾಗಿಲಿಗೆ ಬಂದರೂ ಬರಿಗೈಲಿ ಹೋಗುತ್ತದೆ ಅಂತ ಲೆಕ್ಕ. ಆ ದೊಡ್ಡಮ್ಮನ ಮೊಲೆಹಾಲು ಕುಡಿದು, ಹೊಲದ ಮನೆಯಲ್ಲಿ ಬೆಳೆದು, ನಾಲ್ಕೈದು ವರ್ಷದ ಹುಡುಗನಾಗಿ ತಿರುಗಿ ಬಂದವರು ನಮ್ಮವರು. ಕಲ್ಲುಗುಂಡಿನ ಹಾಗೆ ಬಂದರು ಅಂತ ಅತ್ತೆ ಹೇಳುತ್ತಿದ್ದರು. ತೌಡಿನ ಮಹಿಮೆ.

ಇದ್ದಿಲ ಬಸ್ಸಿನಲ್ಲಿ ಹೊಗೆ ಕುಡಿದುಕೊಂಡು ಹನೂರು ಸೇರಿದೆವು. ದೊಡ್ಡಮ್ಮ ಆಗಲೇ ತೀರಿಕೊಂಡಿದ್ದರು. ಅವರ ಮನೆಯವರು ನಮ್ಮನ್ನು ಬರೆ ಹಾಕುವ ಒಬ್ಬ ಮುದುಕನ ಹತ್ತಿರ ಕರೆದುಕೊಂಡು ಹೋದರು. ಅವನು ಅರಿಶಿನದ ಕೊಂಬನ್ನು ಕೆಂಡದಲ್ಲಿ ಕಾಯಿಸಿ ಕೂಸಿನ ಪಕ್ಕೆಯ ಮೇಲೆ ಒತ್ತಿದ. ಚುರ್ ಅಂದಿತು. ಕಿರುಚಲೂ ಉಸಿರಿಲ್ಲದೆ ಅವಳು ಬಾಯಿ ಬಿಟ್ಟುಕೊಂಡು ನನ್ನನ್ನೇ ನೋಡಿದಳು. ನಾನು ಅವಳ ಕಾಲು ಹಿಡಿದುಕೊಂಡೇ ಇದ್ದೆ. ನಮ್ಮವರು ಗೋಡೆ ಕಡೆ ತಿರುಗಿಕೊಂಡಿದ್ದರು.

ಬರೆ ಹಾಕಿಸಿ ಬಂದ ಮೇಲೆ ಊತ ಪಾದದಿಂದ ಮೊಣಕಾಲಿಗೆ ಏರಿತು. ಒಂದು ಬೆಳಿಗ್ಗೆ ಏನು ಧೈರ್ಯ ಬಂತೋ, ಕೂಸನ್ನು ಎತ್ತಿಕೊಂಡು ಆಸ್ಪತ್ರೆ ಕಡೆ ಹೊರಟೇಬಿಟ್ಟೆ. ಮನೆಯ ಸೊಸೆ ಒಬ್ಬಳೇ ಬೀದಿಯಲ್ಲಿ ಹೋದರೆ ಮಾನ ಹೋಗುತ್ತದಲ್ಲ, ಹಿಂದೆಯೇ ಅತ್ತೆಯೂ ಓಡಿ ಬಂದರು. ದಾರಿಯುದ್ದಕ್ಕೂ, “ನಿಂತ್ಕಳಮ್ಮಿ, ಯಾರಾರು ನೋಡ್ತಾರೆ” ಅನ್ನುತ್ತಲೇ ಇದ್ದರು.

ಆಸ್ಪತ್ರೆಯಲ್ಲಿ ಮಲಯಾಳದ ಕಡೆಯ ಒಬ್ಬ ಡಾಕ್ಟರಮ್ಮ ಇದ್ದರು. ಕನ್ನಡವನ್ನು ಪುಸ್ತಕದಿಂದ ಕಲಿತವರು, ಸಿಗದ ಮಾತಿಗೆ ತಮಿಳು ಸೇರಿಸಿಕೊಳ್ಳುತ್ತಿದ್ದರು. ನಮಗೆ ತಮಿಳು ಹೊಸದಲ್ಲ, ಬೀದಿಯಲ್ಲಿ ಅರ್ಧ ಜನ ಎರಡನ್ನೂ ಕಲಸಿಯೇ ಆಡುತ್ತಿದ್ದರು. ಡಾಕ್ಟರಮ್ಮ ಕೂಸಿನ ಅಂಗಿ ಎತ್ತಿದರು. ಬರೆ ಕಣ್ಣಿಗೆ ಬಿತ್ತು. ಇನ್ನೂ ಒಣಗದ ಗಾಯ.

“ಇದು ಯಾರು ಸುಟ್ಟದ್ದು?”

ನಾನು ಅಂಗಿಯನ್ನು ಕೆಳಕ್ಕೆ ಎಳೆಯಲು ನೋಡಿದೆ. ಅತ್ತೆ ಬಾಗಿಲ ಕಡೆ ತಿರುಗಿಕೊಂಡರು. ಡಾಕ್ಟರಮ್ಮ ಇನ್ನೊಂದು ಸಲ ಕೇಳಲಿಲ್ಲ. ಅವರು ಹಾಗೆ ಸುಮ್ಮನಾದದ್ದಕ್ಕಿಂತ ಕಪಾಳಕ್ಕೆ ಎರಡು ಬಿಗಿದಿದ್ದರೆ ಚೆನ್ನಾಗಿತ್ತು. ಕೂಸಿನ ಮಣಿಕಟ್ಟು ಒತ್ತಿ ನೋಡಿದರು, ಪಕ್ಕೆಲುಬಿನ ಗಂಟುಗಳ ಮೇಲೆ ಬೆರಳಾಡಿಸಿದರು, ಬಾಗಿದ ಕಾಲು ನೋಡಿದರು. ಆಮೇಲೆ ಎದೆಯ ಮೇಲೆ ಒಂದು ಬೆರಳಿಟ್ಟು ಇನ್ನೊಂದು ಬೆರಳಿಂದ ಅದರ ಮೇಲೆ ತಟ್ಟುತ್ತಾ, ತೆಂಗಿನಕಾಯಿ ತಟ್ಟಿ ನೋಡುವ ಹಾಗೆ ಶಬ್ದ ಕೇಳುತ್ತಾ, ನೀಲಿ ಪೆನ್ಸಿಲಿನಲ್ಲಿ ಅವಳ ಚರ್ಮದ ಮೇಲೇ ಒಂದು ಗೆರೆ ಎಳೆದರು. ಗೆರೆ ಎಡಪಕ್ಕೆಯ ಹತ್ತಿರಕ್ಕೆ ಹೋಗಿ ನಿಂತಿತು.

“ಗುಂಡಿಗೆ ಇಲ್ಲಿವರೆಗೆ ದೊಡ್ಡದಾಗಿದೆ. ದೊಡ್ಡದಾದರೆ ಬಲ ಅಲ್ಲ ಅಮ್ಮಾ. ಸೋತು ಜೋತುಬಿದ್ದಿದೆ. ರಕ್ತ ತಳ್ಳಲು ಆಗುತ್ತಿಲ್ಲ, ಅದಕ್ಕೇ ಊತ, ಅದಕ್ಕೇ ಮೂಚು.” ಮೂಚು ಅಂದರೆ ತಮಿಳಿನಲ್ಲಿ ಉಸಿರು.

“ಆಲು ಕೆಟ್ಟದೆ ಅಂತ…” ಅತ್ತೆ ಶುರು ಮಾಡಿದರು.

“ಹಾಲು ಕೆಡಲಿಲ್ಲ. ಹಾಲಿನಲ್ಲಿ ಒಂದು ಸತ್ವ ಕಡಿಮೆ. ವಿಟಮಿನ್ ಡಿ ಅಂತ ಹೆಸರು. ಅದು ಇಲ್ಲದಿದ್ದರೆ ತಿಂದ ಸುಣ್ಣದ ಅಂಶ ಮೈಗೆ ಹಿಡಿಯುವುದಿಲ್ಲ. ಎಲುಬು ಮೆತ್ತಗೆ ಆಗುತ್ತದೆ. ಗುಂಡಿಗೆ ಕೂಡ ಮಾಂಸವೇ, ಅದಕ್ಕೂ ಆ ಸುಣ್ಣ ಬೇಕು.” ನನ್ನ ಕಡೆ ತಿರುಗಿದರು. “ನಿನ್ನ ಹಾಲಿನಲ್ಲಿ ಯಾಕೆ ಇಲ್ಲ ಅಂದರೆ ನಿನ್ನ ಮೈಯಲ್ಲೇ ಇಲ್ಲ. ನೀನು ವೆಯಿಲ್ ನೋಡಿ ಎಷ್ಟು ದಿವಸ ಆಯಿತು?”

ಬಿಸಿಲು ನೋಡಿ ಎಷ್ಟು ದಿನವಾಯಿತು ಅಂತ ಯಾರಾದರೂ ಕೇಳುವ ಪ್ರಶ್ನೆಯೇ? ಗುಂಡಿಗೆಯ ರೋಗ ಇದರಿಂದಲೇ ಬಂತು ಅಂತ ತಾನು ಆಣೆ ಮಾಡಿ ಹೇಳಲಾರೆ, ಆದರೆ ಬೇರೆ ಕಾರಣ ಕಾಣುತ್ತಿಲ್ಲ, ಕೂಸು ಉಳಿಯುವುದೂ ಖಂಡಿತವಿಲ್ಲ, ಹೇಳಿದಂತೆ ಮಾಡಿದರೆ ಉಳಿಯಬಹುದು ಅಂದರು ಅವರು. ಗುಂಡಿಗೆಗೆ ಒಂದು ಔಷಧಿ. ದಿನಾ ಬಿಸಿಲು. ಮತ್ತು ದಿನಾ ಮೀನೆಣ್ಣೆ, ಕೂಸಿಗೂ ನನಗೂ.

ನಮ್ಮದು ಜನಿವಾರದ ಮನೆ. ಮೀನಿನ ಬುಟ್ಟಿ ಹೊತ್ತವಳು ಬೀದಿಯ ತುದಿಯಿಂದಲೇ ತಿರುಗಿ ಹೋಗುತ್ತಿದ್ದಳು. ಅತ್ತೆ ಕಿವಿ ಮುಚ್ಚಿಕೊಂಡು, “ಶಿವ ಶಿವಾ” ಅಂದರು. ಅಷ್ಟು ಸಾಲದು ಅಂತ ಔಷಧಿ ಕೊಡುವ ಕಿಟಕಿಯಿಂದ ಕಾಂಪೌಂಡರ್ ಇಡೀ ಜಗಲಿಗೆ ಕೇಳುವಂತೆ ಕೂಗಿದ.

“ಮೀನೆಣ್ಣೆ ಯಾರ್ದ್ರಮ್ಮೋ? ಮಗ್ಗದ ಬೀದಿ ಮೀನೆಣ್ಣೆ!”

ಸಾಲಿನಲ್ಲಿ ನಮ್ಮ ಬೀದಿಯ ಇಬ್ಬರಿದ್ದರು. ಅತ್ತೆ ನನ್ನ ಹಿಂದೆ ಅಡಗಿದರು. ನಾನು ಯಾರ ಹಿಂದೆ ಅಡಗಲಿ? ಹೋಗಿ ಸೀಸೆ ಹಿಡಿದೆ. ಸಂಜೆಯ ಹೊತ್ತಿಗೆ ನಾನು ಮೀನೆಣ್ಣೆ ಮನೆಯವಳಾಗಿದ್ದೆ. ಕೊಳದ ಮೆಟ್ಟಿಲಲ್ಲಿ ನಾನು ಇಳಿದರೆ ಹೆಂಗಸರು ಕೊಡ ತೆಗೆದುಕೊಂಡು ಮೇಲಿನ ಮೆಟ್ಟಿಲಿಗೆ ಹೋಗುತ್ತಿದ್ದರು. ಒಬ್ಬಳಂತೂ ಮುಖದ ಮೇಲೇ, “ಏನ್ರವ್ವ, ಇವತ್ತು ಸಾರಾ, ಉರ್ದಿದ್ದಾ?” ಅಂದು ನಕ್ಕಳು.

ಅತ್ತೆ ಬೇಡವೆನ್ನಲಿಲ್ಲ, ಅದನ್ನು ಹೇಳಲೇಬೇಕು. ಕಟ್ಟಳೆ ಮಾಡಿದರು. ಸೀಸೆ ಮನೆಯೊಳಕ್ಕೆ ಬರಕೂಡದು, ಹಿತ್ತಿಲ ಸೌದೆ ಗೂಡಿನಲ್ಲಿರಲಿ. ತವರಿನಿಂದ ಬಂದ ಬೆಳ್ಳಿ ಒಳಲೆಯನ್ನು ಮುಟ್ಟಿಸಕೂಡದು, ತೆಂಗಿನ ಚಿಪ್ಪಿನಲ್ಲಿ ಕುಡಿಸಬೇಕು. ಕುಡಿಸಿದ ಮೇಲೆ ನಾನು ತಲೆಗೆ ನೀರು ಹಾಕಿಕೊಂಡೇ ಒಳಗೆ ಬರಬೇಕು. ನಾನು ಮೂಗು ಹಿಡಿದು ನುಂಗುತ್ತಿದ್ದೆ, ಮೊದಮೊದಲು ಸೌದೆ ರಾಶಿಯ ಹಿಂದೆ ಬಗ್ಗಿ ಕಕ್ಕುತ್ತಿದ್ದೆ. ಕೂಸು ಮಾತ್ರ ಚಪ್ಪರಿಸುತ್ತಿತ್ತು. ಅದನ್ನು ನೋಡಿ, “ಓದ ಜನ್ಮದಲ್ಲಿ ಬೆಸ್ತರ ಮನೆ ಕೂಸೇನೋ” ಅಂದರು ಅತ್ತೆ. ಅಷ್ಟೊಂದು ದುಃಖದಲ್ಲೂ ನನಗೆ ನಗು ಬಂತು. ಅವರಿಗೂ ಬಂತು ಅಂತ ಕಾಣುತ್ತದೆ, ಸೆರಗು ಬಾಯಿಗೆ ಹಿಡಿದುಕೊಂಡು ಒಳಗೆ ಹೋದರು.

ಎಷ್ಟು ಸ್ನಾನ ಮಾಡಿದರೇನು, ಆ ವಾಸನೆ ಹೋಗುವುದಲ್ಲ. ನನ್ನ ಕೈಯಿಂದ ನೂಲಿಗೆ, ನೂಲಿನಿಂದ ಸೀರೆಗೆ ಇಳಿಯಿತು. ರೇಷ್ಮೆ ಬಣ್ಣವನ್ನು ಹೇಗೆ ಕುಡಿಯುತ್ತದೋ ವಾಸನೆಯನ್ನೂ ಹಾಗೇ ಕುಡಿಯುತ್ತದೆ. ಸೀರೆ ಕೊಳ್ಳುವ ಸಾಹುಕಾರ ಮಡಿಕೆ ಬಿಚ್ಚಿ, ಮೂಗಿನ ಹತ್ತಿರ ಹಿಡಿದು, ಮತ್ತೆ ಮಡಿಚಿ ನಮ್ಮವರ ಮುಂದೆ ತಳ್ಳಿದನಂತೆ. ಅಂಗಡಿಯಲ್ಲಿ ಬೇರೆ ನೇಕಾರರೂ ಇದ್ದರಂತೆ. ಮನೆಗೆ ಬಂದವರು ಗಂಟನ್ನು ಮೂಲೆಗಿಟ್ಟು ಮಗ್ಗದ ಕುಣಿಗೆ ಇಳಿದು ಕೂತರು. ಲಾಳಿ ಮುಟ್ಟಲಿಲ್ಲ. ಅವರು ನನಗೆ ಒಂದು ಬೈಗುಳ ಬೈದಿದ್ದರೂ ನಾನು ಬದುಕಿಕೊಳ್ಳುತ್ತಿದ್ದೆ.

ಇಷ್ಟೆಲ್ಲ ಮಾನ ಕಳೆದುಕೊಂಡರೂ ಕೂಸು ಏಳಲಿಲ್ಲ. ತಿಂಗಳು ಕಳೆದರೂ ಅದೇ ಏದುಸಿರು, ಮೇಲಾಗಿ ಮುಖದಲ್ಲೂ ಊತ. ಗಾಡಿ ಮಾಡಿಕೊಂಡು ಮತ್ತೆ ಡಾಕ್ಟರಮ್ಮನ ಹತ್ತಿರ ಹೋದೆವು.

“ಎಣ್ಣೆ ಕೊಟ್ಟಿರಾ?”

“ಸೋಮವಾರ, ಅಮಾಸೆ, ಉಪಾಸದ್ ದಿನ ಬುಟ್ಟು ಮಿಕ್ಕಿದ್ ದಿನ ಎಲ್ಲ ಕೊಟ್ಟಿವಿ” ಅಂದರು ಅತ್ತೆ, ಶಿಸ್ತಾಗಿ.

ಡಾಕ್ಟರಮ್ಮ ಹಣೆಗೆ ಕೈ ಒತ್ತಿಕೊಂಡರು. “ಬಿಸಿಲು?”

“ದಿನಾನೂ!” ಅಂದರು ಅತ್ತೆ. ಆ ಕೆಲಸವನ್ನು ಅವರು ನನಗೂ ಬಿಟ್ಟುಕೊಟ್ಟಿರಲಿಲ್ಲ. ಹೇಗೆ ಹಿಡಿಯುತ್ತೀರಿ, ತೋರಿಸಿ ಅಂದರು ಡಾಕ್ಟರಮ್ಮ. ಅತ್ತೆ ತಮ್ಮ ಚೀಲದಿಂದ ತೆಳ್ಳನೆಯ ಮಲ್ಲು ಬಟ್ಟೆ ತೆಗೆದರು. ಅಲ್ಲೇ ಹೂಜಿಯ ನೀರಿನಲ್ಲಿ ಅದನ್ನು ಅದ್ದಿ, ಹಿಂಡಿ, ಕೂಸಿನ ತಲೆಯಿಂದ ಪಾದದವರೆಗೆ ನೀಟಾಗಿ ಸುತ್ತಿದರು. ಆಮೇಲೆ ಹೊರಗೆ ಹೋಗಿ ಬೇವಿನ ಮರದ ನೆರಳಿನ ಅಂಚಿನಲ್ಲಿ, ಬಿಸಿಲು ಇನ್ನೇನು ಮುಟ್ಟಬೇಕು ಅನ್ನುವಷ್ಟರಲ್ಲಿ ಕೂತರು. ಬಣ್ಣ ಹಾಕಿದ ರೇಷ್ಮೆ ಲಡಿಯನ್ನು ಆರಿಸುವುದು ಹೇಗೋ, ಹಾಗೆ. ನೆರಳು ಸರಿದರೆ ತಾವೂ ಸರಿಯುತ್ತಾರೆ. ಮುವ್ವತ್ತು ವರ್ಷ ನೂಲನ್ನು ಕಾಪಾಡಿದ ಕೈ ಅದು. ಬೇರೆ ರೀತಿಯ ಬಿಸಿಲು ಕಾಯಿಸುವುದು ಅದಕ್ಕೆ ತಿಳಿಯದು. ನಾನೂ ನೋಡುತ್ತಲೇ ಇದ್ದೆನಲ್ಲ, ನನಗೂ ಅದರಲ್ಲಿ ತಪ್ಪೇನೂ ಕಂಡಿರಲಿಲ್ಲ.

ಡಾಕ್ಟರಮ್ಮನ ಮುಖ ಕೆಂಪಾಯಿತು. ಬೈಯಲು ಬಾಯಿ ತೆರೆದವರು ಅತ್ತೆ ಅಷ್ಟು ಜೋಪಾನವಾಗಿ ಕೂತಿದ್ದ ರೀತಿ ನೋಡಿ ತಣ್ಣಗಾದರು. ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತು, ತಾವೇ ಆ ಬಟ್ಟೆ ಬಿಚ್ಚಿದರು.

“ಇದು ರೇಷ್ಮೆ ಅಲ್ಲ ಅಮ್ಮಾ. ಕೊಳಂದೆ, ಮಗು. ಬರಿಮೈಗೆ ಬಿಸಿಲು ಬೀಳಬೇಕು. ಕಪ್ಪಾದರೆ ಆಗಲಿ. ಇಲ್ಲದಿದ್ದರೆ ಇದು ಮಳೆಗಾಲ ಕಾಣುವುದಿಲ್ಲ.”

ಅತ್ತೆ ಕೂತಲ್ಲೇ ಆ ಬಟ್ಟೆಯನ್ನು ಮಡಿಚತೊಡಗಿದರು. ನಾನೇ ರಟ್ಟೆ ಹಿಡಿದು ಎಬ್ಬಿಸಿದೆ. ಮನೆ ತಲುಪುವವರೆಗೂ ಆ ಒದ್ದೆ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಇದ್ದರು.

ಬಿಸಿಲು ಕಾಯಿಸಬೇಕು, ಸರಿ, ಎಲ್ಲಿ? ನಮ್ಮ ಹಿತ್ತಿಲು ಗೋಡೆಗಳ ನಡುವಿನ ಒಂದು ಸಂದು, ನಡುಮಧ್ಯಾಹ್ನ ಬಿಟ್ಟರೆ ಅಲ್ಲಿಗೆ ಬಿಸಿಲಿಲ್ಲ. ಬಿಸಿಲು ಬೀಳುವುದು ಬೀದಿಯ ಜಗಲಿಗೆ. ಇಷ್ಟು ದಿನ ಯಾರ ಕಣ್ಣಿಗೂ ಬೀಳದಂತೆ ಮುಚ್ಚಿಟ್ಟ ಕೂಸನ್ನು, ಆ ದೊಡ್ಡ ಹಣೆ, ಸೊಟ್ಟ ಕಾಲು, ಊದಿದ ಹೊಟ್ಟೆ, ಬರೆಯ ಗುರುತು, ಎಲ್ಲದರ ಸಮೇತ ಬೆತ್ತಲೆ ಮಾಡಿ ನಡುಬೀದಿಗೆ ಹಿಡಿಯಬೇಕಿತ್ತು. ಜೊತೆಗೆ ನಾನೂ ಸೆರಗು ಜಾರಿಸಿ, ತೋಳು ಕತ್ತು ಬಿಟ್ಟುಕೊಂಡು ಕೂರಬೇಕಿತ್ತು. ಔಷಧಿ ಅಂದರೆ ಕಹಿ ಇರುತ್ತದೆ ಅಂತ ಗೊತ್ತಿತ್ತು. ಇಂಥ ಕಹಿ ಇರುತ್ತದೆ ಅಂತ ಗೊತ್ತಿರಲಿಲ್ಲ.

ಮೊದಲ ದಿನ ಬಾಗಿಲು ತೆರೆದು ಜಗಲಿಗೆ ಬಂದೆ. ಹೊತ್ತು ಚೆನ್ನಾಗಿ ಏರಿತ್ತು. ಬೀದಿಯಲ್ಲಿ ಮಗ್ಗದ ಹಾಸು ಹೂಡುವ ಕೆಲಸಕ್ಕೆ ಹೋಗುವವರು, ನೀರಿಗೆ ಹೋಗುವವರು, ಶಾಲೆಗೆ ಹೋಗುವ ಮಕ್ಕಳು. ಕೂಸಿನ ಅಂಗಿ ತೆಗೆದೆ. ಎದುರು ಮನೆಯ ಲಾಳಿ ಸದ್ದು ನಿಂತಿತು. ಯಾರೋ ಕಿಸಕ್ಕೆಂದರು. ಒಬ್ಬ ಮುದುಕಪ್ಪ ನಿಂತು, “ಯಾಕವ್ವ, ಮನೇಲಿ ಗಂಡಸ್ರು ಇಲ್ವಾ?” ಅಂದ. ಮೈಯೆಲ್ಲ ಹಿಡಿಯಾಗಿಹೋಯಿತು. ಎದ್ದು ಒಳಗೆ ಓಡಬೇಕು ಅನ್ನಿಸಿತು, ಅಷ್ಟರಲ್ಲಿ ಕೂಸು ಬಿಸಿಲಿಗೆ ಕಣ್ಣು ಕಿರಿದು ಮಾಡಿ ಸೀನಿತು. ಸೀನಿ, ಏನು ಆಶ್ಚರ್ಯ ಕಂಡಿತೋ, ತನ್ನ ಕೈಯನ್ನು ತಾನೇ ಎತ್ತಿ ತಿರುಗಿಸಿ ತಿರುಗಿಸಿ ನೋಡಿಕೊಂಡಿತು. ಹಾಳಾಗಿ ಹೋಗಲಿ ಅಂತ ಅಲ್ಲೇ ಕೂತೆ. ಆದರೆ ತಲೆ ಎತ್ತಲಿಲ್ಲ. ಆಮೇಲೆ ಎಷ್ಟೋ ದಿನ ತಲೆ ಎತ್ತಲಿಲ್ಲ. ನಾಚಿಕೆ ಅಭ್ಯಾಸವಾಗುತ್ತದೆ ಅನ್ನುತ್ತಾರೆ. ಸುಳ್ಳು. ಪ್ರತಿ ಬೆಳಿಗ್ಗೆ ಆ ಅಂಗಿ ತೆಗೆಯುವಾಗ ನನಗೆ ಹೊಸದಾಗಿಯೇ ಆಗುತ್ತಿತ್ತು.

ಅತ್ತೆ ಜಗಲಿಗೆ ಬರುತ್ತಿರಲಿಲ್ಲ. ಬಾಗಿಲ ಒಳಗೆ, ಹೊಸ್ತಿಲಿಂದ ಒಂದು ಮಾರು ದೂರದಲ್ಲಿ ಕೂತು ನೋಡುತ್ತಿದ್ದರು. ಆದರೆ ಸೋಮವಾರದ ಕಟ್ಟಳೆಯನ್ನು ಅವರಾಗಿಯೇ ಬಿಟ್ಟರು. ಒಂದು ಅಮಾವಾಸ್ಯೆಯ ದಿನ ನಾನು ಹಿತ್ತಿಲಿಗೆ ಹೋಗುವ ಹೊತ್ತಿಗೆ ಸೀಸೆಯನ್ನು ಅವರೇ ಹಿಡಿದುಕೊಂಡು, ಮುಖ ಆಚೆ ತಿರುಗಿಸಿ, ಚಿಪ್ಪಿಗೆ ಬಗ್ಗಿಸುತ್ತಿದ್ದರು. ನನ್ನನ್ನು ನೋಡಿ, “ಏನ್ ನೋಡೀಯೆ? ಚೆಲ್ಲೋಯ್ತದೆ, ಇಡ್ಕಾ” ಅಂತ ಗದರಿದರು.

ಗುಣ ಯಾವಾಗ ಶುರುವಾಯಿತು ಅಂತ ಹೇಳುವುದು ಕಷ್ಟ. ಮೊದಲು ತಲೆಬೆವರು ನಿಂತಿತು. ಆಮೇಲೆ ಊತ ಇಳಿದು ಕಾಲು ಕಡ್ಡಿಯಾಯಿತು, ಅದು ಕಂಡು ಇನ್ನಷ್ಟು ಹೆದರಿದೆ. ಹಾಲು ಕುಡಿಯುವಾಗ ಉಸಿರಿಗೆಂದು ಬಾಯಿ ಬಿಡುವುದು ಕಡಿಮೆಯಾಯಿತು. ಒಂದು ದಿನ ನೂಲು ಸುತ್ತುತ್ತಾ ಅವಳನ್ನು ಚಾಪೆಯ ಮೇಲೆ ಹಾಕಿದ್ದವಳು ಮರೆತೇಬಿಟ್ಟೆ. ನೆನಪಾಗಿ ನೂಲು ಬಿಟ್ಟು ತಿರುಗಿ ನೋಡಿದರೆ ಅಂಗಾತ ಮಲಗಿ, ಗೊರಕೆ ಹೊಡೆಯುತ್ತಾ ನಿದ್ದೆ ಮಾಡುತ್ತಿದ್ದಳು. ನಮ್ಮವರನ್ನು ಕರೆದೆ. ಮಗ್ಗದಿಂದ ಎದ್ದು ಬಂದು ನಿಂತರು. ಇಬ್ಬರೂ ಹೆಣ ಕಾಯುವವರ ಹಾಗೆ ಅವಳ ಪಕ್ಕ ಕೂತು ಅವಳು ಉಸಿರಾಡುವುದನ್ನು ನೋಡಿದೆವು. ಬೇಸಗೆಯ ಹೊತ್ತಿಗೆ ಅವಳು ಕೂತಳು. ಬಣ್ಣ ಮಾತ್ರ ಹೋಗಿತ್ತು. ಯಳಂದೂರಿನ ನನ್ನ ಬಣ್ಣಕ್ಕೇ ಬಂದು ನಿಂತಿದ್ದಳು.

ಮಳೆಗಾಲ ಕಾಣುವುದಿಲ್ಲ ಅಂದಿದ್ದ ಕೂಸನ್ನು ಮಳೆಗಾಲ ಮುಗಿದ ಮೇಲೆ ಕಂಕುಳಲ್ಲಿ ಎತ್ತಿಕೊಂಡು ಆಸ್ಪತ್ರೆಗೆ ಹೋದೆ. ಅತ್ತೆಯೂ ಬಂದರು. ಡಾಕ್ಟರಮ್ಮ ಹಿಂದಿನಂತೆ ಎದೆ ತಟ್ಟಿ, ನೀಲಿ ಗೆರೆ ಎಳೆದರು. ಗೆರೆ ಪಕ್ಕೆಯಿಂದ ಎಷ್ಟೋ ಒಳಗಿತ್ತು. ಎದೆಗೆ ನಳಿಗೆ ಇಟ್ಟು ಬಡಿತವನ್ನು ಬಹಳ ಹೊತ್ತು ಕೇಳಿದರು. ಕೂಸು ನಳಿಗೆ ಕಿತ್ತುಕೊಳ್ಳಲು ನೋಡಿತು.

“ಗುಂಡಿಗೆ ತನ್ನ ಅಳತೆಗೆ ಬಂದಿದೆ” ಅಂದರು. “ಎಣ್ಣೆ ನಿಲ್ಲಿಸಬೇಡಿ. ಬಿಸಿಲು ನಿಲ್ಲಿಸಬೇಡಿ. ಇನ್ನು ಹೆದರಿಕೆ ಇಲ್ಲ.”

ನನಗೆ ಕೈಮುಗಿಯಲೂ ತೋಚಲಿಲ್ಲ, ಅಳು ಬಂದುಬಿಟ್ಟಿತು. ಆಗ ಹಿಂದಿನಿಂದ ಅತ್ತೆಯ ದನಿ ಬಂತು. ಆ ದನಿಯನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

“ಡಾಕ್ಟ್ರಮ್ಮ, ನಂಗೂ ಉಟ್ಟಿದ್ವು. ಇವ್ಳಪ್ಪಂಗಿಂತ ಮೊದ್ಲು. ಇಂಗೇ ತಲೆ ಬೆವುರ್ತಿತ್ತು. ಇಂಗೇ ಏದುಸ್ರು. ಕಾಲ್ ಬಾತ್ಕತಿದ್ವು. ಅವ್ಕೂ ಇದೇನಾ?”

ಡಾಕ್ಟರಮ್ಮ ಕೈಯಲ್ಲಿದ್ದ ಪೆನ್ಸಿಲನ್ನು ಮೇಜಿನ ಮೇಲಿಟ್ಟರು. “ನೋಡದೆ ಹೇಗೆ ಹೇಳಲಿ ಅಮ್ಮಾ? ಬೇರೆ ಏನಾದರೂ ಇರಬಹುದು.” ಆಮೇಲೆ, ಸುಳ್ಳು ಹೇಳಲು ಬಾರದವರ ಹಾಗೆ, “ಇದೂ ಇರಬಹುದು” ಅಂದರು.

ಹೊರಗೆ ಬಂದೆವು. ಅತ್ತೆ ಆಸ್ಪತ್ರೆಯ ಮೆಟ್ಟಿಲು ಇಳಿಯಲಿಲ್ಲ, ಮೇಲಿನ ಮೆಟ್ಟಿಲಲ್ಲೇ ಕೂತರು. ಜನ ಅವರನ್ನು ಬಳಸಿಕೊಂಡು ಹತ್ತಿ ಇಳಿಯುತ್ತಿದ್ದರು. ತಲೆಯ ಮೇಲಿನ ಸೆರಗು ಬಿದ್ದು ಹೋಗಿದ್ದರೂ ಅವರಿಗೆ ಪರಿವೆಯಿರಲಿಲ್ಲ.

“ಇವ್ನೊಬ್ಬ ತೌಡ್ಗೆ ಮಾರಿದ್ದಕ್ಕೆ ಉಳ್ಕಂಡ ಅನ್ಕಂಡಿದ್ದೆ” ಅಂದರು. “ಅಕ್ಕ ಅವ್ನ್ನ ಬರೀಮೈಲಿ ಒಲದ್ ಬದಿನ್ ಮ್ಯಾಲೆ ಮಲುಗುಸ್ಬುಟ್ಟು ಕಳೆ ಕೀಳೋಳು. ಮೊಗ ಕರ್ರುಗಾಯ್ತದೆ ಅಂತ ಅವ್ಳ್ ಕುಟ್ಟೆ ಜಗಳಾಡ್ಬುಟ್ಟು ಬಂದಿದ್ದೆ ನಾನು. ಮಾತೇ ಬುಟ್ಟಿದ್ದೆ.”

“ಬನ್ನಿ ಅತ್ತೆ, ಓಗವ” ಅಂದೆ.

“ನನ್ನವು ಎಲ್ಲಾವೂ ಬೆಳ್ಳುಗಿದ್ವು ಕಣಮ್ಮಿ. ಒಂದಕಿಂತ ಒಂದು ಬೆಳ್ಳುಗೆ. ಎಲ್ಲಾವ್ನೂ ಬಣ್ಣ ಮಾಸ್ದಂಗೆ ಮಡಗಿದ್ದೆ.”

ಅವರು ಅಳಲಿಲ್ಲ. ಮುಖ ಎತ್ತಿ ನನ್ನ ಕಂಕುಳಲ್ಲಿದ್ದ ಕೂಸನ್ನು ನೋಡಿದರು. ಕೂಸು ಬಿಸಿಲಿಗೆ ಕೈಕಾಲು ಆಡಿಸುತ್ತಾ, ಗಟ್ಟಿಯಾಗಿ ಉಸಿರೆಳೆದು ಕೇಕೆ ಹಾಕುತ್ತಾ, ಅಜ್ಜಿಯ ಕಡೆಗೆ ಜಿಗಿಯುತ್ತಿತ್ತು. ಬೀದಿಯೆಲ್ಲ ನಕ್ಕಾಗಲೂ ನಾನು ಅಷ್ಟು ನಾಚಿರಲಿಲ್ಲ. ಅವರವೆಲ್ಲ ಹೋಗಿ ನನ್ನದು ಬದುಕಿದೆ ಅನ್ನುವುದಕ್ಕೆ ನಾಚಿಕೆಯಾಯಿತು. ಅಷ್ಟು ತಿಂಗಳ ಮೇಲೆ ಮೊದಲ ಸಲ ಸೆರಗು ಎಳೆದು ಕೂಸಿನ ಮೈ ಮುಚ್ಚಿದೆ.